ತೊಟ್ಟಿಲ ನುಡಿಯೂ ಅಂಗಳದ ಶಾಲೆಯೂ

ಭಾರತದ ಸಂವಿಧಾನದ 45ನೆಯ ಅನುಚ್ಛೇದವು, 2002ರ ತಿದ್ದುಪಡಿಯ ತರುವಾಯ, ಆರು ವರ್ಷ ತುಂಬುವವರೆಗೆ ಸಕಲ ಮಕ್ಕಳಿಗೂ ಆರೈಕೆಯನ್ನೂ ಶಿಕ್ಷಣವನ್ನೂ ಒದಗಿಸಲು ಸರಕಾರವು ಯತ್ನಿಸತಕ್ಕದ್ದೆಂದು ವಿಧಿಸಿರುವದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟರವರೆಗಿನ ವಯಸ್ಸನ್ನು ವಿದ್ಯೆಯ ತಳಹದಿಯೆಂದು ಸಾರಿತು. ಈ ವಿಧಿಯೂ ಈ ನೀತಿಯೂ ಸಮಸ್ತ ಭರತಖಂಡಕ್ಕೆ ಒಂದೇ ಆಗಿರುವವು. ಆದರೆ ಮಗುವು ನೀತಿಪತ್ರದಲ್ಲಿ ಹುಟ್ಟುವದಿಲ್ಲ. ಅದು ಒಂದು ಮನೆಯಲ್ಲಿ, ಒಂದು ನುಡಿಯಲ್ಲಿ, ಒಂದು ಕುಲಾಚಾರದಲ್ಲಿ, ಒಂದು ಬಡತನದಲ್ಲಿ ಹುಟ್ಟುವದು. ಕಾರಣ, ಮನೆಯ ಪದ್ಧತಿಗೂ ಸರಕಾರದ ಪದ್ಧತಿಗೂ ಮೊದಲ ಭೆಟ್ಟಿಯು ಹೇಗೆ ಆಗುತ್ತದೆಂಬ ಪ್ರಶ್ನೆಯ ಮೇಲೆಯೇ ಮುಂದಿನ ಶಿಕ್ಷಣವೆಲ್ಲ ನಿಂತಿದೆ. ಆ ಪ್ರಶ್ನೆಯನ್ನು ಇಂದು ನಾವು ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳನ್ನು ಮುಂದಿಟ್ಟುಕೊಂಡು ವಾಚಕರ ವಿಚಾರಕ್ಕೆ ತರಬಯಸುತ್ತೇವೆ.

ಈ ಮೂರನ್ನೇ ಏಕೆ ಆರಿಸಿಕೊಂಡೆವೆಂದು ಕೇಳಬಹುದು. ಅಫಜಲಪುರ, ಜೇವರ್ಗಿಗಳು ಭೀಮೆಯ ದಡದವು. ಆಳಂದದ ಅಮರ್ಜೆಯೂ ಗಾಣಗಾಪುರದ ಬಳಿ ಭೀಮೆಯನ್ನೇ ಸೇರುವದು. ಆಳಂದ, ಅಫಜಲಪುರಗಳ ಸೀಮೆಯನ್ನು ದಾಟಿದೊಡನೆ ಮಹಾರಾಷ್ಟ್ರವು ಮೊದಲಾಗುವದು. ಲಾಡ್ಲೆ ಮಶಾಕರ ದರ್ಗಾಕ್ಕೆ ಹೋಗುವವರೂ, ಗಾಣಗಾಪುರದ ದತ್ತನ ಪಾದುಕೆಗೆ ಮಹಾರಾಷ್ಟ್ರದಿಂದ ಬರುವವರೂ, ಜೇವರ್ಗಿಯ ಷಣ್ಮುಖ ಶಿವಯೋಗಿಗಳನ್ನು ಸ್ಮರಿಸುವವರೂ ಒಂದೇ ಸಂತೆಯಲ್ಲಿ ಸೇರುತ್ತಾರೆ. ಕನ್ನಡ, ದಖನಿ ಉರ್ದು, ಮರಾಠಿ, ತಾಂಡೆಗಳ ಗೋರ ಬೋಲಿ ಈ ನಾಲ್ಕು ನುಡಿಗಳಲ್ಲಿ ಇಲ್ಲಿ ಜೋಗುಳ ಹಾಡುತ್ತಾರೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಈ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಕಾಣಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75ನ್ನು ದಾಟಿದಾಗ ಕಲಬುರಗಿ ಜಿಲ್ಲೆಯದು 65ಕ್ಕೂ ತುಸು ಕಡಿಮೆಯಿತ್ತು. ಸ್ತ್ರೀಯರದು 55ರ ಆಸುಪಾಸಿನಲ್ಲಿತ್ತು. ಅಂದರೆ ಆಗ ತೊಟ್ಟಿಲು ತೂಗುತ್ತಿದ್ದ ಕೈಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೈಗಳು ಅಕ್ಷರವನ್ನು ತಿದ್ದಿದವುಗಳಲ್ಲ. ಇಂತಹ ಸೀಮೆಯಲ್ಲಿ ಶಿಶುಶಿಕ್ಷಣವು ಗೆದ್ದರೆ ಎಲ್ಲೆಡೆಗೂ ಗೆಲ್ಲುವದು. ಇಲ್ಲಿ ಸೋತರೆ ಉಳಿದೆಡೆಯ ಗೆಲುವು ಕೇವಲ ಪಟ್ಟಣದ ಗೆಲುವಾಗಿ ಉಳಿಯುವದು.

ಮೊದಲು ಈ ಮನೆಗಳೊಳಗೆ ಮಗುವು ಹೇಗೆ ಬೆಳೆಯುತ್ತದೆಂಬದನ್ನು ನೋಡೋಣ. ಲಿಂಗವಂತರ ಮನೆಯಲ್ಲಿ ಹಸುಗೂಸಿಗೇ ಲಿಂಗವನ್ನು ಧರಿಸುವರು. ಮುಸಲ್ಮಾನರ ಮನೆಯಲ್ಲಿ ಅಕೀಕಾ ಆಗುವದು. ನಾಲ್ಕು ವರುಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಅಕ್ಷರಾರಂಭ ಮಾಡಿಸುವ ಹಳೆಯ ರೂಢಿಯಿದೆ. ಮರಾಠಿ ಮನೆಯಲ್ಲಿ ಹನ್ನೆರಡನೆಯ ದಿನ ಬಾರಸೆ. ತಾಂಡೆಯಲ್ಲಿ ಆ ವರುಷ ಹುಟ್ಟಿದ ಗಂಡುಕೂಸಿಗೆ ಹೋಳಿಯ ಕಾಲದಲ್ಲಿ ಧೂಂಡ. ಹೀಗೆ ಮಗುವನ್ನು ಕುಲದೊಳಗೆ ಸೇರಿಸಿಕೊಳ್ಳುವ ಸಂಸ್ಕಾರಗಳು ಬೇರೆ ಬೇರೆ. ಆದರೆ ದಿನದಿನದ ಬಾಳಿನಲ್ಲಿ ಹೋಲಿಕೆಯೇ ಹೆಚ್ಚು. ಮಗುವು ತಾಯಿಯ ಮಗ್ಗುಲಲ್ಲಿಯೇ ಮಲಗುವದು; ಅಜ್ಜಿಯ ತೊಡೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು ಎರೆಯಿಸಿಕೊಳ್ಳುವದು; ಅಕ್ಕನ ಟೊಂಕದ ಮೇಲೆ ಕುಳಿತು ಓಣಿಯನ್ನು ನೋಡುವದು. ಅವ್ವ ರೊಟ್ಟಿ ಬಡಿಯುತ್ತಿದ್ದರೆ ಅದಕ್ಕೊಂದು ಹಿಟ್ಟಿನ ಉಂಡಿ ಸಿಗುವದು, ಅದೂ ಬಡಿಯುವದು. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು ಮಾಡುವದು, ಪಂಚಮಿಗೆ ಜೋಕಾಲಿ ಜೀಕುವದು, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವದನ್ನು ಕಾಣುವದು. ಇದಕ್ಕೆ ಯಾರೂ ಪಾಠವೆಂದು ಹೆಸರಿಟ್ಟಿಲ್ಲ. ಆದರೂ ಎಣಿಕೆ, ಅಳತೆ, ಆಕಾರ, ಋತು, ಹದ, ಹಂಚಿಕೆ ಇವೆಲ್ಲವೂ ಇದರಲ್ಲಿವೆ.

ಇದೇ ಜಿಲ್ಲೆಯ ಮಳಖೇಡದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಶಾಸ್ತ್ರವನ್ನು ಓದದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರೆಂದು ಕನ್ನಡಿಗರನ್ನು ಹೊಗಳಿತು. ಸಾವಿರ ವರುಷಗಳ ಮೇಲೆ, ಭೀಮಾ ಸೀಮೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಎಂಬ ಸಂಕಲನವನ್ನು ಹೊರತಂದಾಗ, ಆ ಹೊಗಳಿಕೆಯು ಬರಿಯ ಆಡಂಬರವಲ್ಲವೆಂದು ನಾಡಿಗೆ ತಿಳಿಯಿತು. ಬೀಸುಕಲ್ಲಿನ ಮುಂದೆಯೂ ತೊಟ್ಟಿಲ ಮುಂದೆಯೂ ಹುಟ್ಟಿದ ಆ ಹಾಡುಗಳೇ ಈ ಸೀಮೆಯ ಮಗುವಿನ ಮೊದಲ ವಾಚನಪುಸ್ತಕ. ಅಕ್ಷರವರಿಯದ ತಾಯಿಯು ವಿದ್ಯೆಯನ್ನು ಅರಿಯದವಳೆಂದು ಭಾವಿಸುವ ಅಧಿಕಾರಿಯು ತನ್ನ ನಾಡಿನ ಚರಿತ್ರೆಯನ್ನೇ ಅರಿಯದವನು.

ಹೊರದೇಶದ ವಿದ್ವಾಂಸರೂ ಇಂದು ಇದನ್ನು ಒಪ್ಪುತ್ತಾರೆ. ಅಮೇರಿಕೆಯ ಬಾರ್ಬರಾ ರೋಗಾಫರೂ ಅವರ ಸಂಗಡಿಗರೂ ಗ್ವಾಟೆಮಾಲಾ, ತುರ್ಕಿ, ಅಮೇರಿಕೆ, ಭಾರತ ಈ ನಾಲ್ಕು ನಾಡುಗಳಲ್ಲಿ ಚಿಕ್ಕ ಮಕ್ಕಳನ್ನೂ ಅವರ ಪಾಲಕರನ್ನೂ ಗಮನಿಸಿ 1993ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಮೇರಿಕೆಯ ಮತ್ತು ತುರ್ಕಿಯ ಪಟ್ಟಣಗಳ ಮಧ್ಯಮ ವರ್ಗದ ತಾಯಂದಿರು ಮಗುವಿನೆದುರು ಕುಳಿತು ಪ್ರಶ್ನೆ ಕೇಳಿ, ಹೊಗಳಿ, ಪಾಠದಂತೆ ಕಲಿಸುವರು. ಗ್ವಾಟೆಮಾಲಾದ ಮಾಯಾ ಊರಿನಲ್ಲಿಯೂ ಭಾರತದ ಬುಡಕಟ್ಟಿನ ಹಳ್ಳಿಯಲ್ಲಿಯೂ ಮಗುವು ದೊಡ್ಡವರ ಕೆಲಸದ ನಡುವೆ ಇದ್ದು, ಏಕಕಾಲಕ್ಕೆ ಹಲವನ್ನು ಗಮನಿಸಿ ಕಲಿಯುವದು. ಇವೆರಡೂ ಕಲಿಕೆಯ ಮಾರ್ಗಗಳೇ. 1989ರಲ್ಲಿ ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಜಪಾನು, ಚೀನ, ಅಮೇರಿಕೆಗಳ ಶಿಶುಶಾಲೆಗಳನ್ನು ಹೋಲಿಸಿ ಬರೆದ ಗ್ರಂಥದಲ್ಲಿ ಇನ್ನೊಂದು ನೋಟವಿದೆ. ಕ್ಯೋಟೋ ನಗರದ ಶಿಶುಶಾಲೆಯಲ್ಲಿ ಸುಮಾರು ಮೂವತ್ತು ಮಕ್ಕಳಿಗೆ ಒಬ್ಬಳೇ ಶಿಕ್ಷಕಿ. ಮಕ್ಕಳು ಜಗಳಾಡಿದರೂ ಆಕೆಯು ಕೂಡಲೇ ನಡುವೆ ಹೋಗಲೊಲ್ಲಳು. ಇದನ್ನು ಕಂಡ ಅಮೇರಿಕದವರು ಅಲಕ್ಷ್ಯವೆಂದರು. ಜಪಾನಿನವರು, ಮಕ್ಕಳು ತಮ್ಮ ಜಗಳವನ್ನು ತಾವೇ ಬಗೆಹರಿಸಿಕೊಂಡು ಸಮೂಹದಲ್ಲಿ ಬಾಳಲು ಕಲಿಯಲೆಂದೇ ಹೀಗೆ ಎಂದರು. ಮಗುವನ್ನು ಬೆಳೆಸುವದಕ್ಕೆ ಜಗತ್ತಿಗೆಲ್ಲ ಒಂದೇ ಅಚ್ಚಿಲ್ಲವೆಂಬುದು ಇದರಿಂದ ಸಿದ್ಧವಾಗುವದು. ಜಪಾನು ತನ್ನ ಪದ್ಧತಿಗೆ ನಾಚದಿರುವಾಗ, ನಾವು ನಮ್ಮ ಅಜ್ಜಿಯ ತೊಡೆಗೆ ಏಕೆ ನಾಚಬೇಕು?

ಹೀಗೆಂದ ಮಾತ್ರಕ್ಕೆ, ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವವರಲ್ಲ. ಸ್ವದೇಶಾಭಿಮಾನದ ಹೆಸರಿನಲ್ಲಿ ಮೂಢತನವನ್ನು ಕಾಯುವದು ದೇಶಸೇವೆಯಲ್ಲ. ಹೆತ್ತ ತಾಯಿಯ ಮೊದಲ ಗಿಣ್ಣುಹಾಲು ಕೂಸಿಗೆ ಆಗಿಬರುವದಿಲ್ಲವೆಂದು ಹಿಂಡಿ ಚೆಲ್ಲಿ, ಜೇನುತುಪ್ಪವನ್ನೋ ಸಕ್ಕರೆನೀರನ್ನೋ ನೆಕ್ಕಿಸುವ ಪದ್ಧತಿಯು ಹಲವು ಮನೆಗಳಲ್ಲಿ ನಡೆದುಬಂದಿದೆ. ಆ ಹಾಲೇ ಕೂಸಿನ ಮೊದಲ ಕವಚವೆಂದು ವೈದ್ಯಶಾಸ್ತ್ರವು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿರುವದು. ಬಾಣಂತಿಗೆ ನೀರನ್ನೂ ಕಾಯಿಪಲ್ಲೆಯನ್ನೂ ಕಡಿಮೆ ಮಾಡುವದು, ಗಂಡುಕೂಸಿಗೆ ಹಬ್ಬ, ಹೆಣ್ಣುಕೂಸಿಗೆ ಮೌನ, ತಮ್ಮನನ್ನು ಎತ್ತಿಕೊಳ್ಳಲೆಂದು ಏಳು ವರುಷದ ಅಕ್ಕನನ್ನು ಶಾಲೆ ಬಿಡಿಸುವದು, ಹದಿನೆಂಟು ತುಂಬುವ ಮೊದಲೇ ಆಕೆಯನ್ನು ಧಾರೆಯೆರೆದು ಕೊಡುವದು — ಇವುಗಳನ್ನು ಸಂಸ್ಕೃತಿಯೆಂದು ಕರೆದರೆ ಸಂಸ್ಕೃತಿಯ ಹೆಸರು ಕೆಡುವದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕೂ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಹಸಿದ ಹೊಟ್ಟೆಗೆ ಜೋಗುಳದ ಮಾಧುರ್ಯವು ಅನ್ನವಾಗಲಾರದು. ಆದುದರಿಂದ ಪ್ರಶ್ನೆಯು ಹಳೆಯದು ಹೊಸದೆಂಬುದಲ್ಲ. ಯಾವದು ಮಗುವನ್ನು ಬೆಳೆಸುವದು, ಯಾವದು ಕುಗ್ಗಿಸುವದು ಎಂಬುದು. ಅದನ್ನು ನಿರ್ಣಯಿಸಲು ಮನೆಯವರೊಡನೆ ಕುಳಿತು ಮಾತಾಡಬೇಕೇ ಹೊರತು, ಮೇಲಿನಿಂದ ಅಪ್ಪಣೆ ಕೊಟ್ಟರೆ ಸಾಗದು.

ಅಪ್ಪಣೆಯು ಸಾಗದೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯ ಸರಕಾರವು ಮಾತೃಪೂರ್ಣ ಯೋಜನೆಯನ್ನು ಆರಂಭಿಸಿತು. ಬಸುರಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಅಲ್ಲಿಯೇ ಬಿಸಿಯೂಟ ಮಾಡತಕ್ಕದ್ದೆಂಬುದು ಅದರ ಕ್ರಮ. ಮನೆಗೆ ಕೊಟ್ಟ ಧಾನ್ಯವು ಹತ್ತು ಬಾಯಿಗಳಿಗೆ ಹಂಚಿಹೋಗುವದೆಂಬ ಚಿಂತೆಯಿಂದ ಹುಟ್ಟಿದ ಈ ಉದ್ದೇಶವು ಸ್ತುತ್ಯವೇ. ಆದರೆ ಬಾಣಂತಿಯು ವಾರಗಟ್ಟಲೆ ಹೊಸ್ತಿಲು ದಾಟದ ರೂಢಿಯ ನಾಡಿನಲ್ಲಿ, ಹಸುಗೂಸನ್ನೆತ್ತಿಕೊಂಡು ಬಿಸಿಲಿನಲ್ಲಿ ನಡೆದು ಹೋಗಿ ಪರರೆದುರು ಉಣ್ಣಬೇಕೆಂದರೆ ಯಾರು ಬರುವರು? ತಾಂಡೆಯಿಂದ ಊರಿನ ಅಂಗನವಾಡಿಗೆ ನಡೆಯಬೇಕಾದವಳ ಮಾತಂತೂ ಬೇರೆಯೇ. ಬಸುರಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸುವದೂ, ಕುಬಸದಲ್ಲಿ ಐದು ಮನೆಯವರು ಬಯಕೆಯೂಟ ತರುವದೂ ಈ ಸೀಮೆಯ ಪದ್ಧತಿಯಾಗಿರಲು, ಊಟವೇ ಮನೆಗೆ ನಡೆದು ಹೋಗುವಂತೆ ಯೋಜನೆಯನ್ನು ಹೆಣೆಯಬಹುದಿತ್ತು. ರೂಢಿಯನ್ನು ಶತ್ರುವೆಂದೆಣಿಸದೆ ಹಾದಿಯೆಂದೆಣಿಸಿದ್ದರೆ, ಅದೇ ಹಣವು ಇಮ್ಮಡಿ ಫಲವನ್ನು ಕೊಡುತ್ತಿತ್ತು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲೆಯ ಮಕ್ಕಳಿಗೆ ಮೊಟ್ಟೆಯನ್ನು ಕೊಡತೊಡಗಿದಾಗ, ಕೆಲವು ಮಠಾಧಿಪತಿಗಳು ವಿರೋಧವನ್ನೆತ್ತಿದರು. ಮೊಟ್ಟೆಯನ್ನು ತಿನ್ನದ ಮಗುವಿಗೆ ಬಾಳೆಯ ಹಣ್ಣನ್ನು ಕೊಡುವ ಏರ್ಪಾಡಾಯಿತು. ಒಂದು ಮನೆಯ ನಿಯಮವು ಇನ್ನೊಂದು ಮನೆಯ ಮಗುವಿನ ತಾಟನ್ನು ಬರಿದು ಮಾಡಲಿಲ್ಲ. ಒಬ್ಬನ ವ್ರತಕ್ಕೆ ಗೌರವ, ಇನ್ನೊಬ್ಬನ ಹಸಿವೆಗೆ ಅನ್ನ — ಭಿನ್ನಾಚಾರಗಳ ನಾಡಿನಲ್ಲಿ ನ್ಯಾಯವೆಂದರೆ ಇದೇ ಅಲ್ಲವೆ?

ಇನ್ನು ನುಡಿಯ ಮಾತು. ಈ ಪತ್ರಿಕೆಯ ಮೇಜಿನ ಮೇಲೆ ಕನ್ನಡದ ಪಕ್ಷವನ್ನು ಹೊರತು ಬೇರೆ ಪಕ್ಷವಿಲ್ಲವೆಂಬುದನ್ನು ವಾಚಕರು ಬಲ್ಲರು. ಆ ಅಧಿಕಾರದಿಂದಲೇ ಈ ಮಾತನ್ನು ಹೇಳುತ್ತೇವೆ. ನಿಜಾಮಶಾಹಿಯ ಕಾಲದಲ್ಲಿ ಈ ಮೂರೂ ತಾಲೂಕುಗಳ ಕನ್ನಡ ಕೂಸುಗಳು ಅನುಭವಿಸಿದುದೇನು? ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡವಿದ್ದರೂ, ಮೇಲಿನ ವಿದ್ಯೆಯ ಬಾಗಿಲಿಗೆ ಉರ್ದುವಿನ ಬೀಗವಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಕನ್ನಡ ಮನೆಯ ಮಗುವು ಶಾಲೆಯಲ್ಲಿ ಮೂಕವಾಗಿ ಕುಳಿತು, ತನಗೆ ಬುದ್ಧಿಯಿಲ್ಲವೆಂದು ನಂಬಿ ಹೊಲಕ್ಕೆ ಮರಳಿತು. ಉರ್ದು ಭಾಷೆಯು ಕೆಟ್ಟುದೆಂದಲ್ಲ. ಅದು ಮಧುರವಾದ ಭಾಷೆ, ಅದನ್ನು ತಾಯ್ನುಡಿಯಾಗುಳ್ಳ ನಮ್ಮ ಸಹೋದರರಿಗೆ ಅದು ಹಾಲಿನಷ್ಟೇ ಸಹಜ. ಮಗುವಿನ ಬಾಯಿಯನ್ನು ಕಟ್ಟಿದುದೇ ಕೆಟ್ಟುದು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆಯು ಮುಗಿಯಿತು. 1956ರ ನವೆಂಬರ್ 1ರಂದು ಈ ಸೀಮೆಯು ಕನ್ನಡನಾಡಿನ ಮಡಿಲಿಗೆ ಬಂದಿತು. ನಮ್ಮ ಹಿರಿಯರು ಹೋರಾಡಿದುದು ಈ ನ್ಯಾಯಕ್ಕಾಗಿ.

ಈಗ ವಾಚಕರು ಒಂದು ತಾಂಡೆಯ ಮಗುವನ್ನು ಕಣ್ಣಮುಂದೆ ತಂದುಕೊಳ್ಳಲಿ. ಅದು ತಾಯಿಯನ್ನು ಯಾಡಿ ಎನ್ನುವದು, ನೀರನ್ನು ಪಾಣಿ ಎನ್ನುವದು, ರೊಟ್ಟಿಯನ್ನು ಬಾಟಿ ಎನ್ನುವದು. ಮೂರು ವರುಷಕ್ಕೆ ಅಂಗನವಾಡಿಗೆ ಬಂದಾಗ ಅಲ್ಲಿ ಅವ್ವ, ನೀರು, ರೊಟ್ಟಿ. ಬಾಯಾರಿದ ಮಗುವು ತನಗೆ ಬೇಕಾದುದನ್ನು ಕೇಳಲಾರದೆ ಅಳುವದು. ಅಳುವ ಮಗುವನ್ನು ಮಂದವೆಂದು ಬರೆದುಕೊಳ್ಳುವರು. 2011ರ ಜನಗಣತಿಯು ಅದರ ನುಡಿಯನ್ನು ಹಿಂದಿಯ ತಲೆಬರೆಹದ ಕೆಳಗೆ ಸೇರಿಸಿಬಿಟ್ಟಿತು. ಅಂದರೆ ಲೆಕ್ಕದಲ್ಲಿಯೂ ಅದಕ್ಕೆ ತನ್ನ ಹೆಸರಿನ ಮನೆಯಿಲ್ಲ. 2023ರ ಜನೇವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಮನೆಯ ಹಕ್ಕುಪತ್ರಗಳನ್ನು ಹಂಚಲಾಯಿತು. ನೆಲದ ಹಕ್ಕು ಸಿಕ್ಕಿತು. ನುಡಿಯ ಹಕ್ಕು ಎಂದಿಗೆ? ನಿಜಾಮನ ಶಾಲೆಯು ನಮ್ಮ ಅಜ್ಜನಿಗೆ ಮಾಡಿದುದನ್ನೇ ನಾವು ಕನ್ನಡದ ಹೆಸರಿನಿಂದ ತಾಂಡೆಯ ಮಗುವಿಗೆ, ಆಳಂದದ ಮರಾಠಿ ಮಗುವಿಗೆ, ಜೇವರ್ಗಿಯ ದಖನಿ ಮಗುವಿಗೆ ಮಾಡತಕ್ಕದ್ದೆ? ಹಾಗೆ ಮಾಡಿದರೆ ನಮ್ಮ ಗೆಲುವು ಗೆಲುವಲ್ಲ. ಬೀಗದ ಕೈ ಒಬ್ಬರಿಂದ ಇನ್ನೊಬ್ಬರಿಗೆ ಬಂದಂತಾದೀತು, ಅಷ್ಟೆ.

ಇದರಿಂದ ಕನ್ನಡವು ಬಡವಾದೀತೆಂದು ಅಂಜುವವರಿದ್ದಾರೆ. ಅನುಭವವು ಬೇರೆಯದನ್ನು ಹೇಳುವದು. ತನ್ನ ನುಡಿಯಲ್ಲಿ ಧೈರ್ಯವಾಗಿ ಮಾತಾಡಿದ ಮಗುವು ಎರಡನೆಯ ನುಡಿಯನ್ನು ಬೇಗನೆ ಹಿಡಿಯುವದು. ಮೊದಲ ನುಡಿಯಲ್ಲಿಯೇ ಬಾಯಿ ಕಟ್ಟಿದ ಮಗುವು ಎರಡರಲ್ಲಿಯೂ ತೊದಲುವದು. ನ್ಯೂಜಿಲೆಂಡಿನ ಮಾವೊರಿ ಜನರು ತಮ್ಮ ನುಡಿಯು ಅಳಿಯುತ್ತಿರುವದನ್ನು ಕಂಡು 1982ರಲ್ಲಿ ನುಡಿಗೂಡುಗಳೆಂಬ ಶಿಶುಶಾಲೆಗಳನ್ನು ತೆರೆದರು. ಅಲ್ಲಿ ಅಜ್ಜ ಅಜ್ಜಿಯರೇ ಬಂದು ಕುಳಿತು ಕೂಸುಗಳೊಡನೆ ಮಾತಾಡಿದರು. ನಮ್ಮ ದೇಶದಲ್ಲಿಯೇ ಒಡಿಶಾ ರಾಜ್ಯವು 2007ರ ಸುಮಾರಿಗೆ ಹತ್ತು ಬುಡಕಟ್ಟು ನುಡಿಗಳಲ್ಲಿ ಮೊದಲ ತರಗತಿಗಳನ್ನು ಆರಂಭಿಸಿ, ಅಲ್ಲಿಂದ ಮಕ್ಕಳನ್ನು ಒಡಿಯಾ ಭಾಷೆಗೆ ಮೆಲ್ಲನೆ ದಾಟಿಸುವ ಕ್ರಮವನ್ನು ಹಾಕಿತು. ಸಂವಿಧಾನದ 350ಎ ಅನುಚ್ಛೇದವು ಅಲ್ಪಸಂಖ್ಯಾತ ನುಡಿಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಬೋಧನೆಯ ಅನುಕೂಲವನ್ನು ಕಲ್ಪಿಸಬೇಕೆನ್ನುವದು. ಗಡಿಯಾಚೆಗೆ ಅಕ್ಕಲಕೋಟೆಯಲ್ಲಿಯೂ ದಕ್ಷಿಣ ಸೋಲಾಪುರದಲ್ಲಿಯೂ ಕನ್ನಡ ಮಕ್ಕಳಿಗಾಗಿ ನಾವು ಬೇಡುವ ಹಕ್ಕು ಇದೇ. ಆಚೆ ಬೇಡುವದನ್ನು ಈಚೆ ಕೊಡದಿದ್ದರೆ ನಮ್ಮ ಬೇಡಿಕೆಗೆ ಬಲವೆಲ್ಲಿಯದು?

ಇತ್ತ ಇನ್ನೊಂದು ಗಾಳಿ ಬೀಸುತ್ತಿದೆ. ತಾಲೂಕಿನ ಪೇಟೆಗಳಲ್ಲಿ ಇಂಗ್ಲಿಷ್ ಶಿಶುಶಾಲೆಗಳ ಫಲಕಗಳು ಹೆಚ್ಚುತ್ತಿವೆ. ತೊಗರಿ ಮಾರಿದ ಹಣದಲ್ಲಿ ರೈತನು ಮೂರು ವರುಷದ ಮಗುವಿಗೆ ಕೊರಳಪಟ್ಟಿ ಕಟ್ಟಿಸಿ ಬಂಡಿಯಲ್ಲಿ ತುಂಬಿ ಕಳಿಸುತ್ತಾನೆ. ಅವನನ್ನು ಹಳಿಯುವ ಮನಸ್ಸು ನಮಗಿಲ್ಲ. ತಾನು ಕಚೇರಿಗಳಲ್ಲಿ ಪಟ್ಟ ಅವಮಾನವು ಮಗನಿಗೆ ಬಾರದಿರಲೆಂಬ ಹಂಬಲ ಅವನದು. ಬೋಧನಾ ಭಾಷೆಯನ್ನು ಸರಕಾರವು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿರುವದರಿಂದ, ಕಾನೂನಿನ ಬಲದಿಂದ ಈ ಗಾಳಿಯನ್ನು ತಡೆಯುವಂತಿಲ್ಲ. ತಡೆಯುವ ಉಪಾಯ ಒಂದೇ: ಹತ್ತಿರದ ಅಂಗನವಾಡಿಯು ದೂರದ ಫಲಕಕ್ಕಿಂತ ಚೆನ್ನಾಗಿರುವದು. ಮೂರು ವರುಷದ ಮಗುವು ತನಗರ್ಥವಾಗದ ಪದ್ಯವನ್ನು ಗಿಳಿಯಂತೆ ಒಪ್ಪಿಸುವದು ವಿದ್ಯೆಯಲ್ಲವೆಂಬದನ್ನು ತಂದೆತಾಯಿಗಳಿಗೆ ಬಾಯಿಮಾತಿನಿಂದ ಹೇಳಿದರೆ ಆಗದು, ಕಣ್ಣಿಗೆ ತೋರಿಸಬೇಕು.

ಸರಕಾರಕ್ಕೂ ಈ ವಿಷಯದಲ್ಲಿ ನಿಶ್ಚಿತವಾದ ಹಾದಿಯಿರಲಿಲ್ಲ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿಯೇ ಪೂರ್ವಪ್ರಾಥಮಿಕ ತರಗತಿಗಳನ್ನು ತೆರೆಯಲು ಹೊರಟಾಗ, ತಮ್ಮ ಕೇಂದ್ರಗಳು ಬರಿದಾಗುವವೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಭಾರವನ್ನು ಇಷ್ಟು ಕಾಲ ಹೊತ್ತವರು ಇವರೇ. ತೂಕ ನೋಡುವದು, ಊಟ ಹಾಕುವದು, ಲಸಿಕೆಗೆ ಕರೆಯುವದು, ಯಾದಿ ಬರೆಯುವದು, ಚುನಾವಣೆಗೆ ಓಡಾಡುವದು, ಉಳಿದ ವೇಳೆಯಲ್ಲಿ ಪಾಠ ಹೇಳುವದು! 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಉಪದಾನದ ಹಕ್ಕಿದೆಯೆಂದು ತೀರ್ಪು ಕೊಡಬೇಕಾಯಿತೆಂಬುದೇ ಅವರ ಸ್ಥಿತಿಯನ್ನು ಹೇಳುವದು. ಆದರೆ ಇವರಲ್ಲಿರುವ ಒಂದು ಸಂಪತ್ತು ಬೇರೆ ಯಾವ ಶಿಕ್ಷಕರಲ್ಲಿಯೂ ಇಲ್ಲ: ಇವರು ಅದೇ ಓಣಿಯವರು. ಯಾವ ಮನೆಯಲ್ಲಿ ಅತ್ತೆಯ ಮಾತು ನಡೆಯುವದು, ಯಾವ ಮಗುವು ಯಾವ ನುಡಿಯಲ್ಲಿ ಕನಸು ಕಾಣುವದು, ಯಾವ ಮನೆಯ ಒಲೆ ನಿನ್ನೆ ಉರಿಯಲಿಲ್ಲ — ಇದೆಲ್ಲ ಅವರಿಗೆ ತಿಳಿದಿದೆ. ಈ ತಿಳಿವನ್ನು ಕಡೆಗಣಿಸಿ ಹೊಸ ಕಟ್ಟಡಗಳನ್ನು ಕಟ್ಟಿದರೆ, ಬಾವಿಯಿದ್ದ ಮನೆಯವನು ನೀರು ಕೊಂಡಂತೆ ಆದೀತು.

ವಲಸೆಯ ಮಾತನ್ನು ಬಿಟ್ಟರೆ ಈ ಸೀಮೆಯ ಮಕ್ಕಳ ಕಥೆ ಪೂರ್ತಿಯಾಗದು. ದೀಪಾವಳಿಯ ಹೊತ್ತಿಗೆ ತಾಂಡೆಗಳಿಂದಲೂ ಒಣಬೇಸಾಯದ ಊರುಗಳಿಂದಲೂ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಿಗೆ ಹೊರಡುವವು. ಕೂಸುಗಳೂ ಜೊತೆಗೆ ಹೊರಡುವವು. ತಾಯಿಯು ಕಬ್ಬು ಕಡಿಯುವಾಗ ಕೂಸಿನ ತೊಟ್ಟಿಲು ಬದುವಿನ ಮರದಲ್ಲಿ. ಇತ್ತ ಅಂಗನವಾಡಿಯ ಹಾಜರಿಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಆರು ತಿಂಗಳ ಖಾಲಿ ಗೆರೆ. ಹೋಗಲೊಲ್ಲದ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟುಹೋದರೆ, ಮುಪ್ಪಿನ ಕೈಗೆ ಎಳೆಯ ಜೀವಗಳ ಹೊಣೆ. ದುಡಿಯುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರಕಾರವು 2023–24ರ ಆಯವ್ಯಯದಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ಘೋಷಿಸಿತು. ಹೆಸರೂ ಚೆನ್ನು, ಉದ್ದೇಶವೂ ಚೆನ್ನು. ಆದರೆ ಊರನ್ನೇ ಬಿಟ್ಟುಹೋದ ಕೂಸಿಗೆ ಊರಿನ ಕೂಸಿನ ಮನೆಯು ಹೇಗೆ ದೊರಕೀತು? ಎರಡು ರಾಜ್ಯಗಳು ಕೂಡಿ ಈ ಮಕ್ಕಳ ಹೊಣೆಯನ್ನು ಹಂಚಿಕೊಳ್ಳದ ಹೊರತು ಪರಿಹಾರವಿಲ್ಲ. ಭೀಮೆಯ ನೀರನ್ನು ಹಂಚಿಕೊಳ್ಳಲು ಎರಡೂ ಸರಕಾರಗಳು ಮಾತಾಡುವವು. ಭೀಮೆಯ ಮಕ್ಕಳ ಬಗೆಗೂ ಒಮ್ಮೆ ಮಾತಾಡಲಿ.

ಹಾದಿಯನ್ನು ತೋರಿದವರು ನಮ್ಮಲ್ಲಿಯೇ ಇದ್ದರು. ಭಾವನಗರದ ದಕ್ಷಿಣಾಮೂರ್ತಿಯಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದು, ಇಟಲಿಯ ಮೊಂಟೆಸ್ಸರಿಯವರ ತತ್ತ್ವವನ್ನು ಗುಜರಾತದ ಕಥೆ, ಹಾಡು, ಆಟಗಳಲ್ಲಿ ಕರಗಿಸಿದರು. ಅವರ ಸಂಗಡಿಗರಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಬಂದು ಅನುತಾಯಿ ವಾಘರೊಡನೆ ಹಳ್ಳಿಯ ಮಕ್ಕಳಿಗಾಗಿ ಶಾಲೆಯನ್ನು ಹೂಡಿದಾಗ, ಬಡ ಕೇರಿಗಳ ಮಕ್ಕಳು ಬರಲೊಲ್ಲದೆ ಹೋದರು. ಮಕ್ಕಳದು ತಪ್ಪೆಂದು ಅವರು ಬರೆಯಲಿಲ್ಲ. ಶಾಲೆಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಉಪಕರಣವಾದವು. ಮುಂದೆ 1957ರಿಂದ ಕೋಸಬಾಡದಲ್ಲಿ ವಾರಲೀ ಮಕ್ಕಳು ದನ ಕಾಯುವ ಬಯಲಿಗೇ ಪಾಠವು ಹೋಯಿತು. ಇಂದು ದೇಶವೆಲ್ಲ ಅನ್ನುವ ಅಂಗನವಾಡಿ ಎಂಬ ಹೆಸರಿನ ಹಿಂದೆ ಈ ನಡಿಗೆಯಿದೆ. ಗಾಂಧೀಜಿಯವರು 1937ರಲ್ಲಿ ವರ್ಧೆಯಲ್ಲಿ ಮೊದಲುಮಾಡಿದ ನಯೀ ತಾಲೀಮು, 1945ರ ಹೊತ್ತಿಗೆ ಶಾಲೆಯ ಮೊದಲಿನ ವಯಸ್ಸನ್ನೂ ಒಳಗೊಂಡಿತು. ನಮ್ಮ ಕರ್ನಾಟಕದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸರಕಾರಿ ಶಾಲೆಯ ಶಿಕ್ಷಕರು ನಲಿ-ಕಲಿಯನ್ನು ಆರಂಭಿಸಿದರು. ಅಂಗನವಾಡಿಯ ಹೆಸರು ನಮ್ಮಲ್ಲಿ ಉಳಿಯಿತು. ಅಂಗಳ ಮಾತ್ರ ದೂರವಾಯಿತು.

ಆಗಬೇಕಾದುದನ್ನು ಸ್ಪಷ್ಟವಾಗಿ ಹೇಳುತ್ತೇವೆ. ತಾಂಡೆಯ ಅಂಗನವಾಡಿಗೆ ತಾಂಡೆಯ ನುಡಿಯನ್ನು ಬಲ್ಲ ಕಾರ್ಯಕರ್ತೆಯೇ ಇರಲಿ. ಉರ್ದು, ಮರಾಠಿ ಓಣಿಗಳಿಗೂ ಅದೇ ನಿಯಮವು ಸಲ್ಲಲಿ. ಮೊದಲ ವರುಷ ಮಗುವಿನ ನುಡಿಯಲ್ಲಿ ಮಾತು, ಆ ಮೇಲೆ ಕೈಹಿಡಿದು ಕನ್ನಡಕ್ಕೆ. ಆರನೆಯ ವಯಸ್ಸಿನಲ್ಲಿ ಪ್ರತಿಯೊಂದು ಮಗುವೂ ಕನ್ನಡದಲ್ಲಿ ನಿರ್ಭಯವಾಗಿ ಮಾತಾಡುವಂತಿರಬೇಕೆಂಬುದೇ ಗುರಿ. 2025ರ ಆಗಸ್ಟಿನಲ್ಲಿ ಪ್ರೊ. ಸುಖದೇವ ಥೋರಾತರ ಆಯೋಗವು ಐದನೆಯ ತರಗತಿಯವರೆಗೆ ಕನ್ನಡ ಅಥವಾ ತಾಯ್ನುಡಿಯ ಬೋಧನೆಯನ್ನು ಸೂಚಿಸಿದೆ. ಆ ಸೂಚನೆಯ ಬೇರು ಅಂಗನವಾಡಿಯಲ್ಲಿಯೇ ಊರಬೇಕು. ವಾರಕ್ಕೊಂದು ದಿನ ಊರಿನ ಅಜ್ಜಿಯರನ್ನು ಗೌರವಧನ ಕೊಟ್ಟು ಕರೆಯಿಸಿ ಕಥೆ, ಹಾಡು, ಆಟಗಳನ್ನು ಹೇಳಿಸಲಿ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದರ ವಿದ್ವಾಂಸರು ಸುತ್ತಲಿನ ನಾಲ್ಕು ನುಡಿಗಳ ಜೋಗುಳ, ಒಗಟು, ಶಿಶುಪ್ರಾಸಗಳನ್ನು ಸಂಗ್ರಹಿಸಿ ಚಿತ್ರಪುಸ್ತಕಗಳನ್ನು ಸಿದ್ಧಗೊಳಿಸಿದರೆ, ಹಲಸಂಗಿಯವರ ಋಣವನ್ನು ತೀರಿಸಿದಂತಾಗುವದು. 371ಜೆ ಅನುಚ್ಛೇದದ ಬಲದಿಂದ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯು ರಸ್ತೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ. ವಲಸೆ ಹೋಗುವ ಮಗುವಿನ ಕೈಯಲ್ಲಿ ಎರಡೂ ರಾಜ್ಯಗಳ ಅಂಗನವಾಡಿಗಳು ಮನ್ನಿಸುವ ಒಂದು ಚೀಟಿಯಿರಲಿ. ಕಾರ್ಯಕರ್ತೆಯ ತಲೆಯ ಮೇಲಿನ ಯಾದಿಗಳ ಹೊರೆಯನ್ನು ಇಳಿಸಿ, ಆಕೆಗೆ ಶಿಕ್ಷಕಿಯ ಸಂಬಳವನ್ನೂ ಮಾನವನ್ನೂ ಕೊಡಲಿ.

ಸರಕಾರದ ಹೊಣೆಯನ್ನು ಹೇಳಿದೆವು. ಜನರ ಹೊಣೆಯೂ ಇದೆ. ಊರಿನ ಅಂಗನವಾಡಿಯ ಹೊಸ್ತಿಲನ್ನು ತುಳಿಯದ ಗೌಡರೂ, ಅಲ್ಲಿ ಬೇಯಿಸಿದವರ ಜಾತಿಯನ್ನು ಕೇಳಿ ಮಗುವನ್ನು ಕಳಿಸದ ಮನೆಯವರೂ ಸಂಸ್ಕೃತಿಯ ಮಾತಾಡಲು ಅರ್ಹರಲ್ಲ. ಶರಣರ ನಾಡಿನಲ್ಲಿ, ಬಂದೇನವಾಜರ ಊರಿನ ನೆರೆಯಲ್ಲಿ, ಕೂಸುಗಳ ಪಂಕ್ತಿಯಲ್ಲಿ ಭೇದವುಂಟಾದರೆ ಅದಕ್ಕಿಂತ ಹೆಚ್ಚಿನ ಲಜ್ಜೆಯಿಲ್ಲ. ನಾಲ್ಕು ನುಡಿಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು, ಒಬ್ಬರ ಹಾಡನ್ನು ಒಬ್ಬರು ಕಲಿತು ಬೆಳೆದರೆ, ಮುಂದೆ ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವದು ಯಾರಿಗೂ ಸುಲಭವಾಗದು. ರಾಷ್ಟ್ರೀಯ ಐಕ್ಯವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿಯನ್ನು ನಾವು ಕಾಣೆವು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆಯಿದೆ. ಗಿಡವನ್ನು ಬಗ್ಗಿಸುವ ಮೊದಲು ಅದು ಯಾವ ಮಣ್ಣಿನದೆಂದು ತಿಳಿಯಬೇಕೆಂಬದನ್ನು ಭೀಮಾತೀರದ ಯಾವ ಒಕ್ಕಲಿಗನಾದರೂ ಹೇಳಿಯಾನು. ಆಳಂದ, ಅಫಜಲಪುರ,ಜೇವರ್ಗಿಗಳ ಕಪ್ಪು ನೆಲದಲ್ಲಿ ತೊಗರಿಯನ್ನು ಬೆಳೆಯುವವರು ಬಿತ್ತುವ ಮುಂಚೆ ಹದವನ್ನು ನೋಡುತ್ತಾರೆ. ಮಕ್ಕಳ ವಿಷಯದಲ್ಲಿ ಅಷ್ಟನ್ನು ಸರಕಾರದಿಂದ ಬೇಡುವದು ಹೆಚ್ಚಾಗಲಾರದು. ತಾಂಡೆಯ ಮಗುವೊಂದು ಅಂಗನವಾಡಿಯಲ್ಲಿ ಪಾಣಿ ಎಂದು ಕೇಳಿದಾಗ, ಯಾರೂ ನಗದೆ ಅದರ ಕೈಗೆ ನೀರಿನ ತಂಬಿಗೆಯು ಬರಲಿ. ಆ ತಂಬಿಗೆಯೊಡನೆಯೇ ನೀರು ಎಂಬ ಕನ್ನಡದ ಮಾತೂ ಅದರ ನಾಲಗೆಗೆ ಬರುವದು. ಆ ಮಗುವು ಬೆಳೆದು ಕನ್ನಡವನ್ನು ತನ್ನದೆಂದು ಹೇಳುವ ದಿನ, ಕರ್ನಾಟಕದ ಏಕೀಕರಣವು ನಿಜವಾಗಿ ಈ ಸೀಮೆಯನ್ನು ಮುಟ್ಟಿತೆಂದು ನಾವು ನಂಬುವೆವು.